ಸವಳು ನೀರಿಗೆ ಬಿದ್ದ ಹೆರಳು

ಸಿಂಧನೂರಿನ ಹತ್ತಿ ಸಾವುಕಾರ ಮಸ್ಕಿಯ ನಮ್ಮ ಮನೆಗೆ ಖುದ್ದಾಗಿ ಬಂದಾಗ ನಾನು ಹಿತ್ತಲಲ್ಲಿ ಕೂತು ಸಿಕ್ಕುಗೂದಲು ಬಿಡಿಸುತ್ತಿದ್ದೆ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು, ಬಿಸಿಲಿನಲ್ಲಿ ಇನ್ನೂ ಕೂರಬಹುದಾಗಿತ್ತು. ನಮ್ಮದು ಬಳೆಗಾರರ ಮನೆ. ಗಂಡ ಬಳೆಯ ಮಲಾರ ಹೊತ್ತು ಊರೂರು ತಿರುಗಿದರೆ ನಾನು ಮನೆಯಲ್ಲಿ ಚೌರಿ ಕಟ್ಟುತ್ತಿದ್ದೆ. ತಲೆ ಬಾಚುವಾಗ ಉದುರಿದ್ದನ್ನು ಹೆಂಗಸರು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟಿರುತ್ತಾರಲ್ಲ, ಆ ಕೂದಲನ್ನು ಕೇಳಿ ತಂದು, ಬಿಡಿಸಿ, ತೊಳೆದು, ಎಳೆ ಸೇರಿಸಿ ಕಟ್ಟಿದರೆ ಚೌರಿ. ಹೆರಳು ತೆಳ್ಳಗಾದವರು ಅದನ್ನು ತಮ್ಮ ಕೂದಲಿಗೆ ಸೇರಿಸಿ ಹೆಣೆದುಕೊಳ್ಳುತ್ತಾರೆ.

ಹಾಸಿದ ಜಮಖಾನೆಯ ಮೇಲೆ ಸಾವುಕಾರ ಕೂರಲಿಲ್ಲ. ಸುತ್ತ ಹರಡಿದ್ದ ಕೂದಲನ್ನು ನೋಡಿ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡ. ಆಳಿನ ಕೈಲಿದ್ದ ಗೋಣಿಚೀಲವನ್ನು ನನ್ನ ಮುಂದೆ ಸುರಿಸಿ, ಇದರಲ್ಲಿ ಮೊಣಕಾಲಿನ ತನಕ ಬರುವ ಒಂದು ಚೌರಿ ಆಗಬೇಕು, ವೈಶಾಖದಲ್ಲಿ ಮದುವೆ ಅಂದ.

ಚೀಲದಿಂದ ಬಿದ್ದದ್ದು ನೆಲಕ್ಕೆ ಹರಡಲೂ ಇಲ್ಲ. ಒಂದೇ ಗಡ್ಡೆ, ಬೂದು ಕಂದು ಬಣ್ಣ. ಮುಟ್ಟಿದರೆ ಒದ್ದೆ ಉಣ್ಣೆಯ ಹಾಗೆ ಅಂಟಂಟು.

"ಕಂಬಳಿ ಹರಕೊಂಡು ತಂದೀರೇನ್ರಿ ಸಾವುಕಾರ್ರ?" ಅಂದೆ. ಚೇಷ್ಟೆಗೆ ಅಂದದ್ದಲ್ಲ. ನಿಜಕ್ಕೂ ಹಾಗೇ ಕಂಡಿತು.

ಅದು ಅವನ ತೀರಿಹೋದ ಅಣ್ಣನ ಮಗಳ ಕೂದಲಂತೆ. ದೀಪಾವಳಿಯ ಹಿಂದೆಮುಂದೆ ಹುಡುಗಿಗೆ ವಾರಗಟ್ಟಲೆ ಇಳಿಯದ ಮುದ್ದತಿ ಜ್ವರ ಬಂದಿತ್ತು. ಇಳಿದ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಆ ಜ್ವರ ಬಂದ ಯಾರಿಗಾದರೂ ಆಗುವುದು ಇದೇ. ಸುಮ್ಮನೆ ಬಿಟ್ಟರೆ ಅರ್ಧ ಉದುರಿ ಅರ್ಧ ಉಳಿಯುತ್ತದೆ, ಉದುರಿದ ಜಾಗದಲ್ಲಿ ಮತ್ತೆ ಮೊಳೆಯುತ್ತದೆ. ಸುಮ್ಮನೆ ಬಿಡುವುದು ಮಾತ್ರ ಈ ಮನುಷ್ಯನಿಗೆ ಹುಟ್ಟಿದಾಗಿನಿಂದ ಬಂದದ್ದಲ್ಲ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ಕ್ಷೌರದವನನ್ನು ಹಿತ್ತಲ ಬಾಗಿಲಿಂದ ಕರೆಸಿ ತಲೆ ಪೂರ್ತಿ ತೆಗೆಸಿದ್ದ. ಮೊಣಕಾಲು ಮುಟ್ಟುತ್ತಿದ್ದ ಹೆರಳು. ಅದನ್ನು ಬುಡದಲ್ಲಿ ದಾರ ಕಟ್ಟಿ ಹಾಗೇ ನನ್ನ ಕೈಗೆ ಕೊಟ್ಟಿದ್ದರೆ ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿರಲಿಲ್ಲ.

"ಜ್ವರದ ಕೂದಲ, ಹೊಲಸು ಇರ್ತೈತಿ ಅಂತ ನಮ್ಮ ನೂಲು ತೊಳಿಯೋರ ಕಡೆ ಕೊಟ್ಟು ತೊಳಿಸೀನಿ," ಎಂದ, ಹೊಗಳಿಕೆಯ ನಿರೀಕ್ಷೆಯಲ್ಲಿ. "ಸವಳು ಮಣ್ಣಿನ ನೀರು, ಮ್ಯಾಲ ಇಷ್ಟು ಸುಣ್ಣ, ಎರಡು ಕುದಿ. ನೂಲು ಹಾಲಿನಂಗ ಬರ್ತೈತಿ, ನೀ ನೋಡಬೇಕು."

"ಕೂದಲ ಹಾಲಿನಂಗ ಬರೂದು ಬೇಕಾಗಿತ್ತೇನ್ರಿ?"

ಹತ್ತಿಯಾದರೇನು ಕೂದಲಾದರೇನು, ಎಳೆ ಅಂದರೆ ಎಳೆ, ಎಂದು ನನಗೇ ಪಾಠ ಹೇಳಿದ.

ಹತ್ತಿ ಹೊಲದ್ದು, ಕೂದಲು ಮೈಯದು. ಹತ್ತಿಗೆ ಸವಳು, ಸುಣ್ಣ, ಸೋಡಾ ಎಷ್ಟು ಹಾಕಿದರೂ ತಡೆಯುತ್ತದೆ, ಕೊಳೆ ಬಿಟ್ಟು ಬೆಳ್ಳಗಾಗುತ್ತದೆ. ಅದನ್ನು ಕೆಡಿಸುವುದು ಹುಳಿ. ಕೂದಲಿಗೆ ತದ್ವಿರುದ್ಧ. ಅದು ಉಗುರು, ಕೊಂಬು, ಗೊರಸುಗಳ ಜಾತಿ. ಹುಳಿಯಲ್ಲಿ ಬಿಗಿಯುತ್ತದೆ, ಸುಣ್ಣದಲ್ಲಿ ಉಬ್ಬಿ ಲೋಳೆಯಾಗಿ ಕರಗುತ್ತದೆ. ಇದಕ್ಕೆ ವಿದ್ಯೆ ಬೇಡ. ತೊಗಲು ಹದ ಮಾಡುವವರು ತೊಗಲಿನ ಮೇಲಿನ ಕೂದಲು ಕಳೆಯಲೆಂದೇ ಅದನ್ನು ಸುಣ್ಣದ ಗುಂಡಿಗೆ ಹಾಕುತ್ತಾರೆ. ಸಿಂಧನೂರಿನಲ್ಲಿ ಆ ಗುಂಡಿಗಳ ಪಕ್ಕದಲ್ಲೇ ಈ ಸಾವುಕಾರ ದಿನಾ ಮೂಗು ಹಿಡಿದುಕೊಂಡು ಅಂಗಡಿಗೆ ಹೋಗುತ್ತಾನೆ. ಮೂಗು ಹಿಡಿದವನು ಕಣ್ಣನ್ನಾದರೂ ತೆರೆದಿರಬಾರದೆ?

ಆಗುವುದಿಲ್ಲ ಎಂದು ಕೂದಲು ವಾಪಸು ಕೊಡಬೇಕೆಂದೇ ಇದ್ದೆ. ಆದರೆ ತಲೆ ನೋಡದೆ ಹೂಂ ಅನ್ನುವ ರೂಢಿ ನಮ್ಮಲ್ಲಿಲ್ಲ, ಊಹೂಂ ಅನ್ನುವ ರೂಢಿಯೂ ಇಲ್ಲ. ಆ ವಾರ ಸಿಂಧನೂರಿನ ಸಂತೆಗೆ ಗಂಡನ ಜೊತೆ ನಾನೂ ಹೋದೆ.

ಹುಡುಗಿ ಒಳಕೋಣೆಯಲ್ಲಿದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಿದ್ದಳು. ತಾಯಿ ಬಾಗಿಲ ಮರೆಯಲ್ಲಿ ನಿಂತಿದ್ದರು. ಮೈದುನನ ಮನೆಯಲ್ಲಿ ಉಣ್ಣುವ ವಿಧವೆ. ಸೆರಗು ಸರಿಸಿ ನೋಡಿದರೆ ತಲೆ ಹೊಸ ಗಡಿಗೆಯ ಹಾಗೆ ನುಣ್ಣಗೆ. ಜ್ವರ ಬಿಟ್ಟು ಇಷ್ಟು ದಿನವಾದರೂ ಒಂದು ಮೊಳಕೆ ಇಲ್ಲವೆ ಎಂದು ಗಾಬರಿಯಾದೆ. ಬೆರಳಾಡಿಸಿದರೆ ಒರಟು ಸಿಕ್ಕಿತು. ಬೇರು ಜೀವಂತವಾಗಿತ್ತು.

ಕೇಳಿದರೆ ಹುಡುಗಿ ಹೇಳಿದಳು: ಬರುವ ಹೊಸ ಕೂದಲು ಗುಂಗುರು ಇದೆ, ಗುಂಗುರು ಹೋಗಿ ನೆಟ್ಟಗೆ, ದಪ್ಪಗೆ ಬರಲಿ ಎಂದು ಕಾಕಾ ವಾರವಾರ ಕ್ಷೌರದವನನ್ನು ಕರೆಸುತ್ತಾರೆ.

ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವವರು ನಮ್ಮಲ್ಲಿ ಸಾವುಕಾರ ಒಬ್ಬನೇ ಅಲ್ಲ. ಹುಟ್ಟಿನಿಂದ ಬೆಳೆದ ಕೂದಲಿಗೆ ಜೋಳದ ಗರಿಯ ಹಾಗೆ ಮೊನಚು ತುದಿ ಇರುತ್ತದೆ. ಕೊಯ್ದರೆ ಮೊಂಡಾಗಿ ಕೈಗೆ ಒರಟು ತಗಲುತ್ತದೆ, ಅದನ್ನೇ ಇವರು ದಪ್ಪ ಅನ್ನುತ್ತಾರೆ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವೇ ಇಲ್ಲ. ಅದನ್ನು ಕೊಯ್ದ ಸುದ್ದಿ ಬೇರಿಗೆ ಯಾರು ಹೇಳುತ್ತಾರೆ? ದಪ್ಪ, ತೆಳು, ನೆಟ್ಟಗೆ, ಗುಂಗುರು ಎಲ್ಲ ಬೇರಿನ ಒಳಗೇ ತೀರ್ಮಾನವಾಗಿ ಬರುವಂಥವು. ಇದಕ್ಕಿಂತ ಹೆಚ್ಚಾಗಿ, ಚೌರಿ ಗಾಳಿಯಲ್ಲಿ ನಿಲ್ಲುವುದಿಲ್ಲ, ಹಿಡಿದುಕೊಳ್ಳಲು ತಲೆಯ ಮೇಲೆ ಸ್ವಂತ ಕೂದಲು ಎರಡು ಬೆರಳಾದರೂ ಬೇಕು. ಚೌರಿ ಕಟ್ಟು ಅಂತ ನನಗೆ ಹೇಳುವವನೂ ಇವನೇ, ಅದನ್ನು ಕಟ್ಟುವ ಗೂಟವನ್ನು ವಾರವಾರ ಕೀಳಿಸುವವನೂ ಇವನೇ.

ಆಮೇಲೆ ಹುಡುಗಿ ಮದುವೆಯ ವಿಷಯ ಬಿಡಿಸಿ ಹೇಳಿದಳು. ಗಂಡು ಮುದಗಲ್ಲಿನ ದೊಡ್ಡ ಮನೆಯವನು. ಜ್ವರಕ್ಕೆ ಮೊದಲೇ ಗೊತ್ತಾದ ಸಂಬಂಧ. ನೋಡಲು ಬಂದ ದಿನ ಹುಡುಗನ ಅಜ್ಜಿ ಇವಳನ್ನು ಎಬ್ಬಿಸಿ ನಿಲ್ಲಿಸಿ, ಹೆರಳು ಬಿಚ್ಚಿಸಿ, ಗೇಣು ಹಾಕಿ ಅಳೆದು, ಈ ಹೆರಳಿಗಾಗಿಯೇ ಹೂಂ ಅನ್ನುತ್ತಿದ್ದೇವೆ ಅಂದಿದ್ದಳಂತೆ. ಮದುವೆಯ ದಿನ ಮಂಗಳಸ್ನಾನದ ಸುರಗಿಯ ನೀರು ಹಾಕುವಾಗ ಗಂಡಿನ ಕಡೆಯ ಮುತ್ತೈದೆಯರೇ ತಲೆ ಬಿಚ್ಚಿ, ಎಣ್ಣೆ ಹಚ್ಚಿ, ಎರೆದು, ಮತ್ತೆ ಹೆರಳು ಹಾಕುವುದು ಆ ಮನೆಯ ಪದ್ಧತಿ. ಅಲ್ಲಿ ಗೊತ್ತಾದರೆ ಮದುವೆ ನಿಂತಿತು. ನಿಂತರೆ ಏನು ಅನ್ನುವುದಕ್ಕೂ ಸಾವುಕಾರ ಉತ್ತರ ಇಟ್ಟುಕೊಂಡಿದ್ದ. ಗದ್ವಾಲದ ಕಡೆ ಅವನ ಹತ್ತಿ ಕೊಳ್ಳುವವನೊಬ್ಬ, ಹೆಂಡತಿ ಸತ್ತವನು, ಮನೆಗೆ ಸೊಸೆ ಬಂದ ವಯಸ್ಸು, ಅವನಿಗೆ ಕೊಟ್ಟುಬಿಡುವುದು. ಅಲ್ಲಿ ಕೂದಲು ಕೇಳುವವರಿಲ್ಲವಂತೆ.

ನನ್ನಲ್ಲಿ ಬೇರೆಯವರ ಒಳ್ಳೆಯ ಕೂದಲಿದೆ, ಅದರಲ್ಲೇ ಕಟ್ಟಿಕೊಡುತ್ತೇನೆ ಅಂದೆ. ಹುಡುಗಿ ಬೇಡವೆಂದಳು.

"ನಂದ ಕೂದಲಾ ಇರ್ಲಿ ಯಕ್ಕಾ. ಇದು ಯಾರದು ಅಂತ ಅವರು ಕೇಳಿದ್ರ, ಹೋದ ದಿನಾನ ಸುಳ್ಳು ಹೇಳಾಕ ನನ್ನ ಕೈಲೆ ಆಗೂದಿಲ್ಲ."

ಆ ಮನೆಯಲ್ಲಿ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ಹೊರಗೆ ಬಂದು ಸಾವುಕಾರನಿಗೆ ಹೇಳಿದೆ: ಇನ್ನು ಕತ್ತಿ ಈ ತಲೆ ಮುಟ್ಟಿದರೆ ನಾನು ಕೆಲಸ ಮುಟ್ಟುವುದಿಲ್ಲ. ಅವನು ಗುಂಗುರು ಕೂದಲು ಮನೆಗೆ ಒಳ್ಳೆಯದಲ್ಲ ಎಂದು ಏನೋ ಶುರು ಮಾಡಿದ. ಒಳಗಿನಿಂದ ಹುಡುಗಿಯೇ, ಕ್ಷೌರದವ ಬಂದರೆ ನಾನು ಬಾಗಿಲು ತೆರೆಯುವುದಿಲ್ಲ ಕಾಕಾ ಅಂದಳು. ಮನೆಯಲ್ಲಿ ಯಾರೂ ಎದುರಾಡಿದ ರೂಢಿ ಇಲ್ಲದ ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.

ಗಡ್ಡೆಯನ್ನು ಮನೆಗೆ ತಂದು ಮೊದಲು ಸುಣ್ಣ ಇಳಿಸುವ ಕೆಲಸಕ್ಕೆ ಕೂತೆ. ಬಾವಿಯ ನೀರು ನಮ್ಮಲ್ಲಿ ಉಪ್ಪು, ಅದಕ್ಕೇ ಹಳ್ಳದ ನೀರು ತರಿಸಿದೆ. ಹುಳಿ ಮಜ್ಜಿಗೆಯಲ್ಲಿ ನೆನೆಸಿದ್ದು ನನ್ನ ಮೊದಲ ಲೆಕ್ಕಾಚಾರ. ಅದು ಕೆಟ್ಟಿತು. ಲೋಳೆ ಹೋಗಲಿಲ್ಲ, ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಹಿತ್ತಲಿಗೆ ಬಂದವು, ಒಂದು ಬೆಕ್ಕು ಗಡ್ಡೆಯನ್ನು ಇಲಿಯೆಂದು ಕಚ್ಚಿಕೊಂಡು ಕಟ್ಟೆ ಏರಿತು. ಅದನ್ನು ಬಿಡಿಸಿ ತಂದು, ಹುಣಸೆಹಣ್ಣಿನ ತಿಳಿ ಮಾಡಿ, ನಾಲಿಗೆಗೆ ಸಾರಿನಷ್ಟು ಹುಳಿ ಹತ್ತುವ ಹಾಗೆ ನೀರು ಬೆರೆಸಿ, ಮಣ್ಣಿನ ಬಾನಿಯಲ್ಲಿ ಅದ್ದಿ ಇಟ್ಟೆ. ತಿಕ್ಕಲಿಲ್ಲ, ಹಿಂಡಲಿಲ್ಲ. ನೀರು ಕದಡಿದಂತೆಲ್ಲ ಬದಲಾಯಿಸಿದೆ. ಕ್ರಮೇಣ ಉಬ್ಬಿದ ಎಳೆ ಇಳಿಯಿತು, ಅಂಟು ಹೋಯಿತು, ಬೆರಳಿಗೆ ಕೂದಲು ಕೂದಲೆಂದು ತಿಳಿಯತೊಡಗಿತು.

ಅಷ್ಟರಲ್ಲಿ ಸಾವುಕಾರ, ಯಾರ ಕೂದಲೆಂದು ಮಾತ್ರ ಹೇಳದೆ, ಸಂತೆಯಲ್ಲಿ ಒಂದು ಮಾತು ಹಬ್ಬಿಸಿದ್ದ. ಕೂದಲು ಕೆಟ್ಟದ್ದು ಜ್ವರದಿಂದ, ಉಳಿದದ್ದನ್ನು ಮಸ್ಕಿಯ ಬಳೆಗಾರವ್ವ ಹುಣಸೆಹುಳಿ ಹಾಕಿ ಕೆಡಿಸುತ್ತಿದ್ದಾಳೆ ಎಂದು. ನನ್ನ ಗಂಡನ ಕಿವಿಗೂ ಬಿತ್ತು. ನನಗೆ ಸಿಟ್ಟಿಗಿಂತ ಅಸಹ್ಯವೇ ಹೆಚ್ಚಾಯಿತು. ಆದರೂ ಜ್ವರವೋ ಸುಣ್ಣವೋ ಖಾತ್ರಿ ಮಾಡಿಕೊಳ್ಳೋಣ ಅನ್ನಿಸಿತು. ಜ್ವರವೇ ಎಳೆಯನ್ನು ಒಳಗಿಂದ ತಿಂದಿದ್ದರೆ ಹುಣಸೆಯಲ್ಲಿ ಎಷ್ಟು ದಿನ ನೆನೆಸಿದರೂ ವ್ಯರ್ಥ.

ಲಿಂಗಸುಗೂರಿನ ದವಾಖಾನೆಯ ಡಾಕ್ಟರರ ಮನೆಯವರಿಗೆ ನಾವೇ ಬಳೆ ಇಡಿಸುತ್ತಿದ್ದೆವು. ಆ ಮನೆಗೆ ಹೋದ ದಿನ ಕೂದಲಿನ ಕೆಲವು ಎಳೆ ಕಾಗದದಲ್ಲಿ ಮಡಚಿ ಒಯ್ದೆ. ಜೊತೆಗೆ ಹುಡುಗಿಯ ಹಣಿಗೆಯಲ್ಲಿ ಜ್ವರದ ಕಾಲದಿಂದ ಉಳಿದಿದ್ದ, ಸುಣ್ಣ ಕಾಣದ ಎಳೆಗಳನ್ನೂ ಅವಳಿಂದ ಕೇಳಿ ತರಿಸಿ ಒಯ್ದಿದ್ದೆ. ದವಾಖಾನೆಯಲ್ಲಿ ಸಣ್ಣದನ್ನು ದೊಡ್ಡದಾಗಿ ತೋರಿಸುವ ಹಿತ್ತಾಳೆಯ ದುರ್ಬೀನು ಒಂದಿತ್ತು. ಹೆಂಡತಿ ಹೇಳಿದ್ದಕ್ಕೆ ಡಾಕ್ಟರು ಎರಡನ್ನೂ ಗಾಜಿನ ಮೇಲಿಟ್ಟು ತಾವು ನೋಡಿ, ನನಗೂ ನೋಡಲು ಬಿಟ್ಟರು.

ಸುಣ್ಣ ಕಾಣದ ಎಳೆಯ ಮೈಯೆಲ್ಲ ಮೀನಿನ ಮೇಲಿನ ಹಾಗೆ ಹುರುಪೆ. ಒಂದರ ಮೇಲೊಂದು ಹೊದಿಸಿದ ಹಾಗೆ, ಬುಡದಿಂದ ತುದಿಯ ಕಡೆಗೆ ಮುಖ ಮಾಡಿ ಅಂಟಿಕೊಂಡಿದ್ದವು. ಒಳಗೆ ಉದ್ದುದ್ದ ನಾರು, ನಡುವೆ ಅಲ್ಲಲ್ಲಿ ತುಂಡಾದ ಕಪ್ಪು ಗೆರೆಯಂಥ ತಿರುಳು. ಜ್ವರದ ಕೂದಲೇ ಅದು, ಆದರೆ ಒಂದು ಹುರುಪೆಯೂ ಅಲುಗಿರಲಿಲ್ಲ. ಸುಣ್ಣಕ್ಕೆ ಬಿದ್ದದ್ದರ ಹುರುಪೆ ಎಷ್ಟೋ ಕಡೆ ಎದ್ದು ನಿಂತಿದ್ದವು, ಕೆಲವು ಕಡೆ ಇರಲೇ ಇಲ್ಲ, ಒಳಗಿನ ನಾರು ಹಳೆಯ ಹಗ್ಗದ ಹಾಗೆ ಬಿಚ್ಚಿಕೊಂಡಿತ್ತು. ಕೂದಲು ಉಗುರಿನದೇ ವಸ್ತು, ಅದರಲ್ಲಿ ಗಂಧಕ ಇದೆ, ಸುಟ್ಟರೆ ನಾರುವುದು ಅದಕ್ಕೇ, ಸುಣ್ಣ ಅದರ ಕಟ್ಟನ್ನೇ ಬಿಚ್ಚುತ್ತದೆ, ಇದು ಜ್ವರದ ಕೆಲಸವಲ್ಲ ಎಂದು ಡಾಕ್ಟರು ಅರ್ಧ ಉರ್ದುವಿನಲ್ಲಿ ವಿವರಿಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹುಡುಗಿಯ ತಲೆಗೆ ಹಚ್ಚಿ, ಬೇರಿಗೆ ಆಹಾರ ಎಂದು ತಾವೇ ಕಾಯಿಸಿದ ಎಣ್ಣೆಯ ಸೀಸೆಯೊಂದನ್ನು ಕೈಗಿಟ್ಟರು. ಅವರ ತಲೆಯ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿತ್ತು. ದಾರಿಯಲ್ಲಿ ಆ ಎಣ್ಣೆಯನ್ನು ಬಂಡಿಯ ಗಾಲಿಗೆ ಹಾಕಿದೆವು. ಗಾಲಿಗೆ ಚೆನ್ನಾಗಿತ್ತು.

ಎಳೆ ಬಿಡಿಸುವುದೇ ನಿಜವಾದ ಕೆಲಸ. ಚೌರಿಯಲ್ಲಿ ಎಲ್ಲ ಎಳೆಯ ಬುಡ ಒಂದು ಕಡೆ, ತುದಿ ಒಂದು ಕಡೆ ಇರಬೇಕು. ಅದಲುಬದಲಾದರೆ ಹುರುಪೆಗೆ ಹುರುಪೆ ಎದುರಾಗಿ ಕಚ್ಚಿಕೊಂಡು ಎರಡೇ ದಿನಕ್ಕೆ ಗೂಡು ಕಟ್ಟುತ್ತದೆ. ಕೊಯ್ದ ಹೆರಳಾಗಿದ್ದಾಗ ಬುಡವೆಲ್ಲ ಒಂದೇ ಕಡೆ ಇತ್ತು. ಸಾವುಕಾರನ ಜನ ಅದನ್ನು ಕಲ್ಲಿಗೆ ಬಡಿದು ಕಲಸಿಬಿಟ್ಟಿದ್ದರು. ಸಾಮಾನ್ಯವಾಗಿ ಎಳೆಯನ್ನು ಹಸಿ ಬೆರಳುಗಳ ನಡುವೆ ಹಿಡಿದು ಉಜ್ಜಿದರೆ ಅದು ತಾನಾಗಿ ಬುಡದ ಕಡೆಗೆ ತೆವಳುತ್ತದೆ, ಹುರುಪೆ ಹಿಂದಕ್ಕೆ ಹೋಗಗೊಡುವುದಿಲ್ಲ. ನಮಗೆ ಕಣ್ಣು ಮುಚ್ಚಿಯೂ ಬುಡ ತಿಳಿಯುತ್ತದೆ. ಹುರುಪೆ ಕಳೆದುಕೊಂಡ ಈ ಎಳೆಗಳು ಎತ್ತಲೂ ತೆವಳಲಿಲ್ಲ, ಬೆರಳ ನಡುವೆ ಸತ್ತ ಹುಳದಂತೆ ಬಿದ್ದಿದ್ದವು. ಬಿಳಿಯ ಬಟ್ಟೆ ಹಾಸಿ, ಬಿಸಿಲಿಗೆ ಬೆನ್ನು ಮಾಡಿ, ಒಂದೊಂದೇ ಎಳೆ ಎತ್ತಿ ನೋಡಬೇಕಾಯಿತು. ತಾನಾಗಿ ಉದುರಿದ್ದಕ್ಕೆ ಬುಡದಲ್ಲಿ ರಾಗಿಗಿಂತ ಸಣ್ಣ ಬಿಳಿ ಗುಂಡು. ಕತ್ತಿಗೆ ಸಿಕ್ಕಿದ್ದಕ್ಕೆ ಬುಡ ಮೊಂಡು, ತುದಿ ಸಣ್ಣ. ನಡುವೆ ತುಂಡಾದದ್ದಕ್ಕೆ ಎರಡೂ ಇಲ್ಲ. ಅವನ್ನು ಬೇರೆ ಹಾಕಿದೆ. ಆ ಬೇರೆಯ ರಾಶಿಯೇ ದಿನದಿನಕ್ಕೆ ದೊಡ್ಡದಾಯಿತು.

ಶಿವರಾತ್ರಿ ಹೋಗಿ ಯುಗಾದಿ ಬಂತು. ಅಡಿಗೆ, ನೀರು, ಮನೆಗೆಲಸದ ನಡುವೆ ಸಿಕ್ಕಷ್ಟು ಹೊತ್ತು ಅದೇ ಕೆಲಸ. ಮುಗಿದಾಗ ನೋಡಿದರೆ ಚೌರಿಯ ದಪ್ಪಕ್ಕೆ ಸಾಲುವಷ್ಟು ಇತ್ತು. ಉದ್ದ ಮಾತ್ರ ನಡುವಿನ ಕೆಳಗೆ ಒಂದು ಗೇಣು, ಅಷ್ಟೇ. ಮೊಣಕಾಲು ಎಲ್ಲಿ, ಅದೆಲ್ಲಿ.

ಇದನ್ನು ತಿಳಿದ ಸಾವುಕಾರ ರಾಯಚೂರಿಂದ ಒಂದು ಚೌರಿ ತರಿಸಿ ಕಳಿಸಿದ. ಮದ್ರಾಸಿನ ಅಸಲಿ ಮಾಲು, ಇದನ್ನು ಕೆಳಗೆ ಜೋಡಿಸಿ ಉದ್ದ ಮಾಡು ಎಂದು ಹೇಳಿ ಕಳಿಸಿದ್ದ. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಂದು ಎಳೆಯನ್ನು ದೀಪಕ್ಕೆ ಹಿಡಿದೆ. ಕೂದಲಾದರೆ ಮುದುಡಿ, ಕೊಂಬು ಸುಟ್ಟ ವಾಸನೆ ಬಂದು, ತುದಿಯಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಗುಂಡು ಉಳಿಯಬೇಕು. ಇದು ಕಾಗದದ ಹಾಗೆ ಭಗ್ಗನೆ ಉರಿದು ಬೂದಿಯಾಯಿತು. ಹಗ್ಗ ಹೊಸೆಯುವ ಪುಂಡಿಯ ನಾರು, ಬಣ್ಣ ಹಾಕಿದ್ದು. ಜೀವಮಾನವೆಲ್ಲ ಎಳೆಯಲ್ಲೇ ವ್ಯಾಪಾರ ಮಾಡಿದವನಿಗೆ ತನ್ನ ಹೊಲದ ಬದುವಿನಲ್ಲಿ ಬೆಳೆಯುವ ಪುಂಡಿ ಗುರುತು ಸಿಕ್ಕಿರಲಿಲ್ಲ. ಮೊದಲ ಎಣ್ಣೆನೀರಿಗೇ ಅದರ ಬಣ್ಣ ಹುಡುಗಿಯ ಬೆನ್ನ ಮೇಲೆ ಹರಿಯುತ್ತಿತ್ತು. ವಾಪಸು ಕಳಿಸಿದೆ.

ಈಗ ಇಷ್ಟು ಹೊತ್ತು ಹೇಳದೆ ಬಿಟ್ಟ ಒಂದು ವಿಷಯ ಹೇಳಬೇಕು. ಮುದಗಲ್ಲಿನ ಆ ಅಜ್ಜಿ, ಹೆರಳಿಗೆ ಗೇಣು ಹಾಕಿ ಅಳೆದಾಕೆ, ಎಷ್ಟೋ ವರ್ಷದಿಂದ ನನ್ನ ಚೌರಿಯನ್ನೇ ಮುಡಿದಾಕೆ. ಬಳೆಯ ಬುಟ್ಟಿಯ ತಳದಲ್ಲಿ ಬಟ್ಟೆ ಸುತ್ತಿ ಒಯ್ದು ಕೊಡುತ್ತಿದ್ದೆ. ಅವಳ ಸೊಸೆಯರಿಗೂ ತಿಳಿಯದು. ತನ್ನ ತಲೆಯ ಮೇಲೆ ಯಾವ ಯಾವ ಊರಿನ ಗೋಡೆಯ ಸಂದಿಯ ಕೂದಲೋ ಹೊತ್ತುಕೊಂಡು ಪರರ ಮಕ್ಕಳನ್ನು ನಿಲ್ಲಿಸಿ ಅಳೆಯುವ ಈ ದೊಡ್ಡವರನ್ನು ಕಂಡರೆ ನನಗೆ ನಗುವೂ ಬರುವುದಿಲ್ಲ.

ಒಂದು ಮಾತು ಹುಡುಗಿಯ ಕಿವಿಗೆ ಹಾಕಿದರೆ ಸಾಕಾಗಿತ್ತು. ಹೆದರಬೇಡ, ಅಳೆಯುವವಳದೂ ನಮ್ಮ ಮನೆಯ ಮಾಲು ಎಂದು. ಸಾವುಕಾರನ ಕಿವಿಗೆ ಹಾಕಿದ್ದರಂತೂ ಅವನೇ ಮುದಗಲ್ಲಿಗೆ ಹೋಗಿ ಮುದುಕಿಯನ್ನು ಬೆದರಿಸಿ ಬರುತ್ತಿದ್ದ. ಆದರೆ ಬಳೆಗಾರರಿಗೆ ಪ್ರತಿ ಮನೆಯ ಒಳಕೋಣೆಗೂ ದಾರಿ ಇರುವುದು ಒಂದೇ ಕಾರಣಕ್ಕೆ. ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಅದನ್ನು ಮುರಿದವರ ಬಳೆ ಯಾರೂ ತೊಡುವುದಿಲ್ಲ. ನನ್ನ ಗಂಡನ ಮುಂದೆಯೂ ನಾನು ಆ ಮುದುಕಿಯ ಸುದ್ದಿ ಎತ್ತಿದವಳಲ್ಲ.

ಹಾಗೆ ಯೋಚಿಸುತ್ತಲೇ ಚೌರಿ ಕಟ್ಟಲು ಕೂತೆ. ಎರಡು ಗೂಟದ ನಡುವೆ ದಾರ ಬಿಗಿದು, ಕೂದಲನ್ನು ಅದಕ್ಕೆ ಹೆಣೆದು ಪಟ್ಟಿ ಮಾಡಿ, ಪಟ್ಟಿ ಸುತ್ತಿ ಮೂರು ಕಾಲು ಮಾಡಿ, ಮೂರನ್ನೂ ಮೇಲೆ ಸೇರಿಸಿ ಗಂಟು ಹಾಕಬೇಕು. ನನ್ನ ಗಂಟು ನನ್ನ ಅತ್ತೆಯಿಂದ ಬಂದದ್ದು, ಜೋಳದ ಕಾಳಿನಷ್ಟು, ನಡುವೆ ಒಂದು ತಗ್ಗು. ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಗುಟ್ಟಿನ ಕೆಲಸವಾದರೆ ಅದನ್ನು ಒಳಮಡಿಸಿ ಮೇಲೆ ಕೂದಲು ಸುತ್ತಿ, ಕಟ್ಟಿಕೊಳ್ಳುವವಳ ಬೆರಳಿಗಲ್ಲದೆ ಬೇರೆ ಕೈಗೆ ಸಿಗದ ಹಾಗೆ ಮುಗಿಸುವುದು ಕ್ರಮ. ಇದು ಗುಟ್ಟಿನ ಕೆಲಸವೇ. ಗಂಟನ್ನು ಒಳಮಡಿಸಲು ಬೆರಳು ಹೋಗಿತ್ತು. ನಿಲ್ಲಿಸಿದೆ.

ಈ ಚೌರಿಯನ್ನು ಎಷ್ಟು ಮುಚ್ಚಿದರೂ ಎಣ್ಣೆ ಹಚ್ಚಿದ ಕೈಗೆ ಬುಡ ಸಿಕ್ಕೇ ಸಿಗುತ್ತದೆ. ಮುಚ್ಚಿದ್ದು ಸಿಕ್ಕರೆ ಕಳವು. ಗಂಟು ಹೊರಗೇ ಇದ್ದರೆ? ತಲೆಗೆ ಮೊದಲು ಕೈ ಹಾಕುವವಳು ಮನೆಯ ಹಿರಿಯಳು. ಸೊಸೆಯಂದಿರಿಗೆ ಅದು ಬರೀ ಗಂಟು. ಅದನ್ನು ದಿನಾ ಬೆಳಿಗ್ಗೆ ತನ್ನ ಕತ್ತಿನ ಹಿಂದೆ ಸವರುವ ಬೆರಳಿಗೆ ಮಾತ್ರ ಅದು ಬೇರೆ ಏನನ್ನೋ ಹೇಳುತ್ತದೆ. ಯಾರ ಮಾತನ್ನೂ ನಾನು ಯಾರ ಹೊಸ್ತಿಲೂ ದಾಟಿಸಿದಂತಾಗುವುದಿಲ್ಲ. ಕೂಗಾಡಿ ಮದುವೆ ಮುರಿಯಬೇಕೋ, ಬಾಯಿ ಮುಚ್ಚಬೇಕೋ ಮುದುಕಿಯೇ ನೋಡಿಕೊಳ್ಳಲಿ. ಗಂಟನ್ನು ಹೊರಗೇ ಬಿಟ್ಟೆ, ಕತ್ತಿನ ಕಡೆಗೆ ಮುಖ ಮಾಡಿ. ಕೂಗಾಡಿದರೆ ಹುಡುಗಿಯ ಪಾಲಿಗೆ ಗದ್ವಾಲವೇ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ.

ಮದುವೆಯ ದಿನ ಬಳೆ ಇಡಿಸಲು ಹೇಗೂ ನನ್ನನ್ನು ಕರೆದಿದ್ದರು. ಬೆಳಗಾಗುತ್ತಲೇ ಹೋಗಿ ಹುಡುಗಿಯ ತಲೆಗೆ ಕೂತೆ. ಕತ್ತಿ ನಿಂತದ್ದರಿಂದ ಮೂರು ಬೆರಳು ಗುಂಗುರು ಕೂದಲು ದಟ್ಟವಾಗಿ ಬಂದಿತ್ತು. ಗುಂಗುರೇ ಒಳ್ಳೆಯದಾಯಿತು. ನೆಟ್ಟಗಿನ ಗಿಡ್ಡ ಕೂದಲು ದಾರ ಜಾರಿಸುತ್ತದೆ, ಗುಂಗುರು ಹಿಡಿದುಕೊಳ್ಳುತ್ತದೆ. ನೆತ್ತಿಯ ಸುತ್ತ ಸಣ್ಣ ಸಣ್ಣ ಜಡೆ ಹಾಕಿ, ಅವಕ್ಕೆ ಚೌರಿ ಹೊಲಿದು, ತುರುಬು ಸುತ್ತಿ, ಮೇಲೆ ದುಂಡುಮಲ್ಲಿಗೆಯ ದಂಡೆ ಮುಚ್ಚಿದೆ. ಹುಡುಗಿ ಕೈ ಮಡಿಲಲ್ಲಿಟ್ಟು ಅಲುಗದೆ ಕೂತಿದ್ದಳು.

ಸುರಗಿಗೆ ಅಂಗಳದ ಮೂಲೆಯಲ್ಲಿ ಸೀರೆ ಕಟ್ಟಿ ಮರೆ ಮಾಡಿದ್ದರು. ಮುದಗಲ್ಲಿನ ಹೆಂಗಸರು ಎಣ್ಣೆಯ ಬಟ್ಟಲು ಹಿಡಿದು ಬಂದರು, ಮುಂದೆ ಅಜ್ಜಿ. ಮರೆಯ ಆಚೆ ಸಾವುಕಾರ ಸುಮ್ಮನಿರಲಾರದೆ, ಹುಡುಗಿ ಬೆಳಿಗ್ಗೆಯೇ ಎರಕೊಂಡಾಳ, ಶೀತ ಆಗ್ತದ, ತಲಿ ಬಿಚ್ಚೂದು ಬ್ಯಾಡ್ರಿ ಎಂದು ಕೂಗಿದ. ಇದಕ್ಕಿಂತ ಚೆನ್ನಾಗಿ ಅನುಮಾನ ಹುಟ್ಟಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು.

ಅಜ್ಜಿ ದಂಡೆ ತೆಗೆದು ಪಕ್ಕದವಳ ಕೈಗೆ ಕೊಟ್ಟಳು. ತುರುಬು ಬಿಚ್ಚಲು ಕತ್ತಿನ ಹಿಂದೆ ಕೈ ಹಾಕಿದಳು. ಬೆರಳು ಗಂಟಿಗೆ ತಾಗಿ ನಿಂತಿತು. ಹೆಬ್ಬೆರಳು ಅದರ ಸುತ್ತ ಒಮ್ಮೆ ಹೋಯಿತು, ತಗ್ಗಿನಲ್ಲಿ ಕೂತಿತು. ನಾನು ಬಳೆಯ ಬುಟ್ಟಿಯನ್ನೇ ನೋಡುತ್ತಿದ್ದೆ.

"ನೀವೆಲ್ಲಾ ಹೊರಗ ನಡೀರಿ," ಎಂದಳು ಅಜ್ಜಿ. "ಹುಡುಗಿ ಜ್ವರದಾಗಿಂದ ಎದ್ದಾಳ, ಮಂದಿ ಗಾಳಿ ಬ್ಯಾಡ. ನೀರ ನಾನ ಹಾಕ್ತೀನಿ. ಬಳಿಗಾರವ್ವ ಒಬ್ಬಾಕಿ ಇರ್ಲಿ."

ಹೆಂಗಸರು ಹೋದರು. ಅಜ್ಜಿ ನನ್ನ ಹೊಲಿಗೆಯನ್ನು ಕಣ್ಣಿಂದ ನೋಡದೆಯೇ ಒಂದೊಂದಾಗಿ ಬಿಚ್ಚಿ, ಚೌರಿಯನ್ನು ತೊಡೆಯ ಮೇಲೆ ಹಾಕಿಕೊಂಡು ತುದಿಯ ತನಕ ಕೈ ಸವರಿದಳು.

"ಇದನ್ನ ಸುಣ್ಣದಾಗ ಯಾರು ಹಾಕಿದ್ರು?"

"ಕಾಕಾ," ಅಂದಳು ಹುಡುಗಿ. ದನಿ ಕೇಳಿಸಿದ್ದೇ ಹೆಚ್ಚು.

"ಹ್ಞೂಂ. ಆ ದನಿ ಕೇಳಿದ್ರನ ಗೊತ್ತಾಕ್ಕತಿ. ಕೂದಲ ಯಾರದು?"

"ನಂದ ರೀ ಅಮ್ಮ."

ಅಜ್ಜಿ ನನ್ನ ಕಡೆ ತಿರುಗಲಿಲ್ಲ. ಗುಂಗುರು ತಲೆಗೆ ಎಣ್ಣೆ ತಟ್ಟಿ, ಬಿಸಿನೀರು ಹೊಯ್ದು, ಸೆರಗಿನಿಂದ ಒರೆಸಿದಳು. ಆಮೇಲೆ ಚೌರಿ ಎತ್ತಿಕೊಂಡು, ನಾನು ಬೆಳಿಗ್ಗೆ ಅಷ್ಟು ಹೊತ್ತು ಕೂತು ಮಾಡಿದ್ದನ್ನು ಅರ್ಧ ಹೊತ್ತಿನಲ್ಲಿ ಮಾಡಿ ಮುಗಿಸಿದಳು. ನಡುವೆ ಹುಡುಗಿಯ ಕೈಯನ್ನು ಹಿಂದಕ್ಕೆ ಎಳೆದು ಗಂಟಿನ ಮೇಲೆ ಇಟ್ಟಳು.

"ಇಲ್ಲಿ ಹಿಡಕೋಬೇಕು. ನಾಳಿಂದ ನೀನ ಕಟಗೋ. ಕೂದಲ ಬರೂ ತನಕ ಸೊಸೆಂದಿರ ಮುಂದ ತಲಿ ಬಿಚ್ಚಬ್ಯಾಡ, ನನ್ನ ಖೋಲಿಗೆ ಬಾ."

ಮರೆಯ ಸೀರೆ ಸರಿಸಿ ಹೊರಗೆ ಬಂದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಸಾವುಕಾರ ಕೈ ಮುಗಿದುಕೊಂಡೇ ನಿಂತಿದ್ದ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, ನಡುವಿನ ಕೆಳಗೆ ಗೇಣಷ್ಟೇ ಇದ್ದ ಆ ಹೆರಳಿನ ಬಗ್ಗೆ ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು:

"ಮಣಕಾಲ ತನಕ ಐತಿ. ಅಳದೀನಿ. ಅಕ್ಕಿಕಾಳ ಹಾಕೂ ಹೊತ್ತಾತು, ನಡೀರಿ."